ಯಾಕಮ್ಮ ಸಹಿ ಹಾಕಿದ ಕಾಗದ

ಆ ಹೊಲಿಗೆ ಕಾರ್ಖಾನೆಯ ಇಸ್ತ್ರಿ ಕೋಣೆಯಲ್ಲಿ ಮೂರು ಮೇಜುಗಳು. ಕಿಟಕಿ ಪಕ್ಕದ ಮೇಜಿನಲ್ಲಿ ಕೋಟಿನ ಮುಂಭಾಗ, ನಡುವಿನ ಮೇಜಿನಲ್ಲಿ ಬೆನ್ನು, ಬಾಗಿಲ ಪಕ್ಕದ ಮೇಜಿನಲ್ಲಿ ತೋಳು. ಮುಂಭಾಗ ಹಿರಿಯ ಕೈಗೆ ಎನ್ನುವುದು ಅಲ್ಲಿನ ಕಟ್ಟಳೆ. ಕಾಲರು, ಗುಂಡಿಪಟ್ಟಿ, ಜೇಬು ಎಲ್ಲ ಇರುವುದು ಅಲ್ಲೇ, ನೋಡುವವರ ಕಣ್ಣು ಮೊದಲು ಬೀಳುವುದೂ ಅಲ್ಲೇ. ಇಪ್ಪತ್ತೆರಡು ವರ್ಷ ಆ ಕಿಟಕಿ ಪಕ್ಕ ನಿಂತಿದ್ದ ಹೆಂಗಸು ಈಗ ಬಾಗಿಲ ಪಕ್ಕ ನಿಂತು ತೋಳು ಉಜ್ಜುತ್ತಾಳೆ. ಕೈ ಸೋತಿತೇ? ಇಲ್ಲ. ಕಣ್ಣು ಮಂಜಾಯಿತೇ? ಅದೂ ಇಲ್ಲ. ಒಂದು ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದಳು, ಆಮೇಲೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿದಳು. ಯಜಮಾನರಿಗೆ ಎರಡೂ ಹಿಡಿಸಲಿಲ್ಲ.

"ಬೇಜಾರಿಲ್ವಾ?" ಎಂದು ಯಾರಾದರೂ ಕೇಳಿದರೆ, "ತೋಳಿಲ್ಲದ ಕೋಟು ಯಾರು ಹಾಕ್ಕೋತಾರೆ ಹೇಳಿ" ಎನ್ನುತ್ತಾಳೆ. ಬೇಜಾರಿದೆ. ಕಿಟಕಿಯ ಗಾಳಿ ತಪ್ಪಿಹೋಯಿತಲ್ಲ ಎಂದು ಚೆನ್ನಾಗಿಯೇ ಬೇಜಾರಿದೆ. ಆದರೆ ಅದನ್ನು ಕಾರ್ಖಾನೆಯೊಳಗೆ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವಳು.

ಅವಳಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮಿಕ್ಕವರಿಗೆಲ್ಲ ಅವಳು ಯಾಕಮ್ಮ. ಮಾತು ಬಂದ ವಯಸ್ಸಿನಿಂದ ಯಾಕೆ, ಯಾಕೆ ಎಂದು ಕೇಳಿ ಮನೆಮಂದಿಯ ತಲೆ ತಿಂದವಳು. ಅಮ್ಮ ಬೈಯುತ್ತಿದ್ದಳು. ಅಪ್ಪ ಮಾತ್ರ ಬೈಯಲಿಲ್ಲ. ಅವನು ಬಡಗಿ. ಸ್ಟೂಲು, ಬೆಂಚು, ಮೇಜು ಮಾಡುತ್ತಿದ್ದ. ಯಾರ ಮನೆಗೆ ಹೋದರೂ ಕೊಟ್ಟ ಸ್ಟೂಲನ್ನು ಒಮ್ಮೆ ಅಲ್ಲಾಡಿಸಿ ನೋಡಿಯೇ ಕೂರುತ್ತಿದ್ದ. ಎಷ್ಟೋ ಮನೆಯವರಿಗೆ ಅದು ಅವಮಾನ. ಅವನಿಗೆ ಲೆಕ್ಕವಿಲ್ಲ. "ಯಾರೋ ಕೂತ್ಕೋ ಅಂದ್ರು ಅಂತ ಕೂರಬಾರದು ಮಗಳೇ. ಕಾಲು ಗಟ್ಟಿ ಇದೆಯಾ ನೋಡ್ಕೋ. ಯಾರಾದ್ರೂ ಏನಾದ್ರೂ ಹೇಳಿದ್ರೂ ಅಷ್ಟೇ, ಆ ಮಾತು ಯಾವ ಕಾಲ ಮೇಲೆ ನಿಂತಿದೆ ನೋಡು" ಎನ್ನುತ್ತಿದ್ದ. ಅವಳು ಆ ಮಾತನ್ನೂ ಅಲ್ಲಾಡಿಸಿ ನೋಡಿ, ಗಟ್ಟಿ ಇದೆ ಅನ್ನಿಸಿದ ಮೇಲೆ ಇಟ್ಟುಕೊಂಡಳು.

ಶಾಲೆಯಲ್ಲಿ ಒಮ್ಮೆ ಟೀಚರು, ಎಡಗೈಯಲ್ಲಿ ಬರೆಯುವವರೆಲ್ಲ ದಡ್ಡರು ಎಂದರು. ಯಾಕೆ ಎಂದಳು. ಹಿಂದಿನ ಬೆಂಚಿನವನು ಎಡಗೈಯವನು, ಫೇಲಾಗಿಲ್ಲವೇ ಎಂದರು ಟೀಚರು. "ಬಲಗೈಯವರು ಒಂಬತ್ತು ಜನ ಫೇಲಾಗಿದಾರಲ್ಲ ಮಿಸ್" ಎಂದಳು. ಆ ದಿನವೆಲ್ಲ ಬೆಂಚಿನ ಮೇಲೆ ನಿಂತಳು. ಹೆಣ್ಣು ನೋಡಲು ಬಂದಾಗ ಹುಡುಗನ ತಾಯಿ, "ನಮ್ಮನೆ ಸೊಸೆಯರು ಎದುರು ಮಾತಾಡೋದಿಲ್ಲ" ಎಂದು ಮೊದಲೇ ಹೇಳಿಬಿಟ್ಟರು. "ಇವರು ದೊಡ್ಡ ಮಗ ಅಂದ್ರಲ್ಲ. ನಿಮ್ಮನೆಗೆ ಇನ್ನೂ ಒಬ್ಬ ಸೊಸೆಯೂ ಬಂದಿಲ್ಲ, ಅದು ಹೇಗೆ ಗೊತ್ತಾಯ್ತು?" ಎಂದು ಇವಳು ಕೇಳಿದಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗ ನಕ್ಕುಬಿಟ್ಟ. ಆ ನಗುವಿಗೇ ಮದುವೆ ಆಯಿತು ಅಂತಿಟ್ಟುಕೊಳ್ಳಿ. ಶಾಲೆಯ ಬಸ್ಸು ಓಡಿಸುವ ಮನುಷ್ಯ, ಮೃದು, ಜಗಳ ಎಂದರೆ ಗಾವುದ ದೂರ ನಿಲ್ಲುವವನು.

ಇಂಥವಳಿಗೆ ಆ ಸೋಮವಾರ ಬಂತು.

ಕಾರ್ಖಾನೆಯಲ್ಲಿ ಹೊಲಿಯುವುದು ಆಸ್ಪತ್ರೆಯ ದಾದಿಯರ ತಿಳಿನೀಲಿ ಕೋಟು. ಮಗಳ ಹೆರಿಗೆಗೆಂದು ಯಾಕಮ್ಮ ಹನ್ನೆರಡು ದಿನ ರಜ ಹಾಕಿದ್ದಳು. ಮೊಮ್ಮಗಳನ್ನು ಎತ್ತಿ ಮುದ್ದಾಡಿ ವಾಪಸ್ಸು ಬಂದು ಎರಡು ವಾರವಾಗಿತ್ತು, ಆಸ್ಪತ್ರೆಯಿಂದ ಒಂದು ಪೆಟ್ಟಿಗೆ ತಿರುಗಿ ಬಂತು. ಒಳಗೆ ಹನ್ನೊಂದು ಕೋಟು. ಹನ್ನೊಂದರಲ್ಲೂ ಎದೆಯ ಜೇಬಿನ ಸುತ್ತ ಎಣ್ಣೆ ಇಳಿದ ಹಾಗೆ ಮಬ್ಬು ಕಲೆ. ಮೇಸ್ತ್ರಿ ಅವನ್ನು ಕಿಟಕಿ ಪಕ್ಕದ ಮೇಜಿನ ಮೇಲೆ, ಅವಳ ಮೇಜಿನ ಮೇಲೆಯೇ, ಒಂದೊಂದಾಗಿ ಹರಡಿದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅವಳ ಕೈಯಲ್ಲೇ ಮಡಿಕೆ ಹಾಕುವುದನ್ನು ಕಲಿತವನು.

"ನೀವು ರಜದಲ್ಲಿದ್ದಾಗ ಹೋದ ಪೆಟ್ಟಿಗೇಲಿ ಒಂದು ಚುಕ್ಕೆ ಇಲ್ಲ. ನೀವು ಬಂದ್ಮೇಲೆ ಹೋದದ್ರಲ್ಲಿ ಹನ್ನೊಂದು ಕೋಟು ಹಾಳು. ಕಲೆ ಇರೋದೂ ಮುಂಭಾಗದಲ್ಲಿ. ಬೆನ್ನಲ್ಲಿಲ್ಲ, ತೋಳಲ್ಲಿಲ್ಲ. ಇಸ್ತ್ರಿಗೆ ಬರೋ ಮುಂಚೆ ಕಲೆ ಇರಲಿಲ್ಲ ಅಂತ ಪರೀಕ್ಷೆ ಮಾಡಿದವರು ಬರೆದಿದಾರೆ. ಇನ್ನೇನು ಬೇಕು ಯಾಕಮ್ಮ?"

ಸುಳ್ಳು ಹೇಳಬಾರದು, ಆ ಮಾತು ಪೂರ್ತಿ ಪೊಳ್ಳಾಗಿರಲಿಲ್ಲ. ಅವಳಿಗೆ ಉರಿ ಹತ್ತಿದ್ದೂ ಅದಕ್ಕೇ. ಬೇರೆಯವರ ಮೇಲೆ ಇದೇ ಮಾತು ಬಂದಿದ್ದರೆ ತಾನೂ ತಲೆಯಾಡಿಸುತ್ತಿದ್ದೆನೋ ಏನೋ ಎಂದು ಒಂದು ಗಳಿಗೆ ಅನ್ನಿಸಿತು. ತನ್ನ ಇಸ್ತ್ರಿಪೆಟ್ಟಿಗೆಯನ್ನು ತಿರುವಿ ತಳ ನೋಡಿದಳು. ಕನ್ನಡಿಯಂತಿತ್ತು.

"ನಾನು ಬಂದ್ಮೇಲೆ ಆಯ್ತು, ಒಪ್ಕೋತೀನಿ. ನನ್ನಿಂದ ಆಯ್ತು ಅನ್ನೋದು ಬೇರೆ ಮಾತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ ಕಾಗೇನೇ ಮುರೀತು ಅಂತೀರಾ? ನನ್ನಿಂದಾನೇ ಅಂತ ನೀವು ತೋರಿಸ್ಬೇಕು."

"ನಾವ್ಯಾಕೆ ತೋರಿಸ್ಬೇಕು? ನಿಮ್ಮಿಂದ ಅಲ್ಲ ಅಂತ ನೀವು ತೋರಿಸಿ."

"ನಿಮ್ಮ ಪಕ್ಕದ್ಮನೆಯವರ ಚಪ್ಪಲಿ ಕಳೆದುಹೋಗಿದ್ಯಂತೆ ಮೇಸ್ತ್ರೀ. ನೀವು ಕದ್ದಿಲ್ಲ ಅಂತ ತೋರಿಸಿ ನೋಡೋಣ."

ನಡುಮೇಜಿನವಳು ಕಿಸಕ್ಕನೆ ನಕ್ಕಳು. ಮೇಸ್ತ್ರಿಯ ಕಿವಿ ಕೆಂಪಾಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ.

"ನೆಲ ನಿಜವಾಗ್ಲೂ ಡೊಂಕಿದ್ರೆ? ಒಂದು ಚೊಂಬು ನೀರು ಚೆಲ್ಲಿ ನೋಡೋಕೆ ಏನು ಕಷ್ಟ?"

ಮೇಸ್ತ್ರಿ ನೀರು ಚೆಲ್ಲಲಿಲ್ಲ, ಜೇಬಿನಿಂದ ಕಾಗದ ತೆಗೆದ. ಮೊದಲೇ ಬರೆದು ತಂದಿದ್ದ. 'ನನ್ನ ಅಜಾಗರೂಕತೆಯಿಂದ ಈ ಕಲೆಗಳಾಗಿವೆ. ಮುಂದೆ ಹೀಗಾದರೆ ಯಾವ ಕ್ರಮಕ್ಕೂ ನಾನು ಬದ್ಧಳು.' ಕೆಳಗೆ ಅವಳ ಹೆಸರು, ಹಾಜರಿ ಪುಸ್ತಕದ ಹೆಸರು. "ಓದೋದೇನೂ ಇಲ್ಲ, ಸಹಿ ಹಾಕಿ ಸಾಕು. ಆಸ್ಪತ್ರೆಯವರಿಗೆ ಒಂದು ಕಾಗದ ಬೇಕಂತೆ. ಶುಕ್ರವಾರದೊಳಗೆ ಹಾಕದಿದ್ರೆ, ಸೋಮವಾರದಿಂದ ಬರೋದು ಬೇಡ ಅಂದಿದಾರೆ ಯಜಮಾನರು."

ಅವಳು ಅದನ್ನು ಪೂರ್ತಿ ಎರಡು ಸಲ ಓದಿದಳು. ಹಾಕಿದರೆ ಕೆಲಸ ಉಳಿಯುತ್ತದೆ. ಆದರೆ ಇನ್ನು ಮುಂದೆ ಯಾವ ಕೋಟಿಗೆ ಯಾವ ಕಲೆ ಬಿದ್ದರೂ ಅವಳದೇ. ಹಾಕದಿದ್ದರೆ ಕೆಲಸವೇ ಇಲ್ಲ. ಐವತ್ತು ದಾಟಿದ ಇಸ್ತ್ರಿಯವಳನ್ನು ಬೇರೆ ಯಾರು ಕರೆದು ಮಣೆ ಹಾಕುತ್ತಾರೆ? ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಂಡು ಮತ್ತೆ ಇಸ್ತ್ರಿಗೆ ನಿಂತಳು.

ಇನ್ನು ಹೇಳಬೇಕಾದದ್ದು ಅವಳಿಗೆ ಇಷ್ಟವಾಗದ ಸಂಗತಿ. ಆದರೂ ಹೇಳಬೇಕು, ಇಲ್ಲದಿದ್ದರೆ ಅವಳ ಕತೆ ಅರ್ಧ.

ಮಂಗಳವಾರ ಬೆಳಿಗ್ಗೆ ಕೋಟುಗಳನ್ನು ಕಿಟಕಿಗೆ ಹಿಡಿದು ನೋಡಿದಳು. ಕಲೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲಿಲ್ಲ. ಸೀದರೆ ಇಸ್ತ್ರಿಪೆಟ್ಟಿಗೆ ತನ್ನ ಮೂತಿಯನ್ನೇ ಒತ್ತಿ ಹೋಗುತ್ತದೆ, ಇಪ್ಪತ್ತೆರಡು ವರ್ಷದಲ್ಲಿ ಅವಳು ಕಂಡದ್ದು ಹಾಗೆ. ಇದು ಸಣ್ಣ ಗೆರೆ. ಜೇಬಿನ ಅಂಚಿನಲ್ಲಿ. ಎಣ್ಣೆಯ ಹಾಗೆ. ಅಂದಮೇಲೆ ಜೇಬು ಹೊಲಿಯುವವನ ಮಷೀನಿನ ಎಣ್ಣೆ! ಅವಳ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇಳಿದ ಕಲ್ಲನ್ನು ಕೆಳಗೆ ಇಡುವ ಬದಲು ಇನ್ನೊಬ್ಬನ ಎದೆಯ ಮೇಲೆ ಎಸೆದುಬಿಟ್ಟಳು. ಕೋಟು ಹಿಡಿದುಕೊಂಡು ಹೊಲಿಗೆ ಕೋಣೆಗೆ ಹೋಗಿ, ಇಪ್ಪತ್ತು ಮಷೀನಿನವರ ಎದುರು, ಜೇಬಿನವನ ಮುಂದೆ ಹಾಕಿ, "ನಿನ್ನ ಮಷೀನಿಗೆ ಎಣ್ಣೆ ಬಿಟ್ಟು ಒರೆಸೋದು ಬಿಟ್ಟಿದೀಯಾ. ನಿನ್ನ ತಪ್ಪಿಗೆ ನನ್ನ ಅನ್ನಕ್ಕೆ ಕಲ್ಲು" ಎಂದಳು.

ಜೇಬಿನವನು ಮಾತಿಲ್ಲದ ಮನುಷ್ಯ. ಜೇಬು ಬಿಟ್ಟು ಬೇರೇನೂ ಹೊಲಿಯದೆ ಹದಿನಾಲ್ಕು ವರ್ಷ ಕಳೆದವನು. ಅವನು ಎದ್ದು, ಮಷೀನಿನ ಸೂಜಿಕಂಬ, ತಟ್ಟೆ, ಕಾಲು ಎಲ್ಲವನ್ನೂ ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಅವಳ ಕೈಗೆ ಕೊಟ್ಟ. ಒಂದು ಕಲೆಯಿಲ್ಲ. ಆಮೇಲೆ ಕೋಟಿನ ಮೇಲೆ ಬೆರಳಿಟ್ಟು, "ಹೊಲಿಗೆ ಇಲ್ಲಿದೆ. ಕಲೆ ಅದರಿಂದ ಹೊರಗಿದೆ. ಎಣ್ಣೆ ನಂದಾದ್ರೆ ಹೊಲಿಗೆ ಮೇಲೇ ಇರ್ಬೇಕಿತ್ತು" ಎಂದ. ಮತ್ತೆ ಕೂತು, ತಲೆ ಎತ್ತದೆ, "ನಿಮಗೆ ಅವರು ಮಾಡಿದ್ದನ್ನೇ ನೀವು ನನಗೆ ಮಾಡಿದ್ರಿ ಅಕ್ಕಾ" ಎಂದ.

ಯಾರಿಗೂ ಸೊಪ್ಪು ಹಾಕದ ಹೆಂಗಸು, ಆ ದಿನ ತಲೆ ತಗ್ಗಿಸಿಕೊಂಡು ವಾಪಸ್ಸು ಬಂದಳು. ಮೇಸ್ತ್ರಿಗಾದರೋ ಹಬ್ಬ. ತಪ್ಪನ್ನು ಇವರ ಮೇಲೆ ಅವರ ಮೇಲೆ ಹಾಕಲು ನೋಡುತ್ತಿದ್ದಾಳೆ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಸಂಜೆಯೊಳಗೆ ಕಾರ್ಖಾನೆಗೆಲ್ಲ ಸಾರಿಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೇನು ಬರ? ಎಲ್ಲರೂ ಹೇಳುತ್ತಿದ್ದಾರೆ ಎನ್ನುವುದೇ ಒಂದು ಸಾಕ್ಷಿಯಾಗಿಹೋಯಿತು.

ಮನೆಯಲ್ಲಿ ಗಂಡ ಕಾಗದವನ್ನು ಓದಿ, ಕನ್ನಡಕ ತೆಗೆದು, ಮಡಿಸಿ, ಮತ್ತೆ ಬಿಚ್ಚಿ ಓದಿದ.

"ಒಂದು ಸಹಿ ತಾನೇ. ಹಾಕ್ಬಿಡು ಕಣೇ. ನಿನ್ನ ಮೊಣಕಾಲು ನೋವಿಗೆ ಬೇರೆ ಕಡೆ ಕೆಲಸ ಹುಡುಕ್ಕೊಂಡು ಅಲೆಯೋಕಾಗುತ್ತಾ? ನನಗೆ ನಿನ್ನ ಬಗ್ಗೆ ಭಯ."

"ನಿಮಗೆ ಭಯ ಆಗಿದೆ ಅಂದ ಮಾತ್ರಕ್ಕೆ ನಾನು ತಪ್ಪು ಮಾಡಿದ ಹಾಗಾಗುತ್ತಾ ರೀ?"

"ತಪ್ಪು ಮಾಡಿದೀಯಾ ಅಂದ್ನಾ? ನಾನೂ ಒಂದ್ಸಲ ಸಹಿ ಹಾಕಿದ್ದೆ. ಬಸ್ಸಿನ ಬಾಗಿಲು ಗೀಚಿತ್ತಲ್ಲ, ನಾನು ಗೀಚಿದ್ದಲ್ಲ. ಸುಮ್ನೆ ಹಾಕ್ದೆ. ಏನಾಯ್ತು ನನಗೆ?"

"ಆಮೇಲೆ ಕನ್ನಡಿ ಒಡೆದಾಗ ಯಾರನ್ನ ಕರೆದ್ರು?"

ಅವನು ಕಾಗದವನ್ನು ಮತ್ತೆ ಮಡಿಸಿದ.

"ಸೀಟು ಹರಿದಾಗ? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ರೀ. ನೀವು ಬಗ್ಗಿದ್ರಿ, ನಾನು ನೋಡ್ತಾ ಇದ್ದೆ. ಆವತ್ತು ಬೇಡ ಅನ್ಬೇಕಿತ್ತು ನಾನು. ಅನ್ಲಿಲ್ಲ."

ಗಂಡ ಎದ್ದು ಹೋಗಿ ಪಾತ್ರೆ ತೊಳೆಯಲು ನಿಂತ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ತಿರ ಬಂದು, ಊಟದ ಡಬ್ಬಿ ಕೈಗಿತ್ತು, "ಹಾಕ್ಬೇಡ" ಎಂದ. ಅಷ್ಟೇ. ಅವಳಿಗೆ ಕಣ್ಣು ತುಂಬಿ ಬಂತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಬುಧವಾರ ಕಾರ್ಖಾನೆಯಲ್ಲಿ ಮೊದಲು ಮಾಡಿದ ಕೆಲಸ, ಹೊಲಿಗೆ ಕೋಣೆಗೆ ಹೋದದ್ದು. ಇಪ್ಪತ್ತು ಮಷೀನು ಓಡುತ್ತಿದ್ದವು. ನಡುವೆ ನಿಂತು, "ಒಂದು ನಿಮಿಷ ನಿಲ್ಲಿಸ್ರಪ್ಪ" ಎಂದಳು. ನಿಂತವು. "ನಿನ್ನೆ ಇಷ್ಟು ಜನದ ಮುಂದೆ ಇವನ ಮೇಲೆ ತಪ್ಪು ಹೊರಿಸ್ದೆ. ನೋಡದೆ ಹೊರಿಸ್ದೆ. ಅದಕ್ಕೆ ಇಷ್ಟು ಜನದ ಮುಂದೇನೇ ಹೇಳ್ತಿದೀನಿ, ತಪ್ಪು ನಂದು." ಜೇಬಿನವನು ಮುಖ ಕೆಂಪು ಮಾಡಿಕೊಂಡು, "ಅಯ್ಯೋ ಬಿಡಿ ಅಕ್ಕಾ" ಎಂದ. ಮಷೀನುಗಳು ಮತ್ತೆ ಓಡಿದವು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಅವನೇ ಇಸ್ತ್ರಿ ಕೋಣೆಗೆ ಬಂದ. ಹನ್ನೊಂದು ಕೋಟಿನಲ್ಲಿ ಒಂದನ್ನು ಎತ್ತಿ ಕಿಟಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಮೂಲೇಲಿ ನೋಡಿ ಅಕ್ಕಾ. ಎರಡು ಗೆರೆ ಒಂದನ್ನೊಂದು ದಾಟಿ ಮುಂದಕ್ಕೆ ಹೋಗಿವೆ. ಹೊಲಿಗೆ ಹೀಗೆ ದಾಟೋದಿಲ್ಲ. ಜೇಬು ಎಲ್ಲಿ ಕೂರಬೇಕು ಅಂತ ಕಟಿಂಗ್ ಮಾಸ್ಟರು ಎಳೀತಾರಲ್ಲ, ಆ ಗೆರೆ ಇದು" ಎಂದ.

ಅವಳು ಕಣ್ಣು ಕಿರಿದು ಮಾಡಿದಳು. ಹೌದು. ಚಾಕ್‌ಪೀಸಿನ ಗೆರೆ. ಬೆನ್ನಿಗೆ ಆ ಗೆರೆಯಿಲ್ಲ, ತೋಳಿಗಿಲ್ಲ. ಮುಂಭಾಗಕ್ಕೆ ಮಾತ್ರ ಇದೆ.

"ಆದ್ರೆ ಆ ಗೆರೆ ಯಾವತ್ತಿಂದಲೂ ಇದೆಯಲ್ಲೋ. ಈಗ್ಯಾಕೆ ಕಲೆ?"

"ಮುಂಚೆ ಹೊಲಿದಾದ್ಮೇಲೆ ಬ್ರಷ್ಷಲ್ಲಿ ಉಜ್ಜಿ ಧೂಳು ಕೊಡವಿ ಕಳಿಸ್ತಿದ್ವಿ. ನೀವು ರಜಕ್ಕೆ ಹೋದಾಗ ಹೊಸ ಚಾಕ್‌ಪೀಸು ಬಂತು. ಉಜ್ಜೋದೇ ಬೇಡ, ಇಸ್ತ್ರಿ ತಾಗಿದ್ರೆ ತಾನೇ ಮಾಯ ಆಗುತ್ತೆ ಅಂದ್ರು. ನಿಮ್ಮ ರಜದಲ್ಲಿ ಹೋದ ಮಾಲು ಹಳೇ ಚಾಕ್‌ಪೀಸಿಂದು, ಅದು ಮೊದಲೇ ಕತ್ತರಿಸಿ ಇಟ್ಟಿದ್ದು."

ಯಾಕಮ್ಮ ಎದ್ದವಳು ಮತ್ತೆ ಕೂತಳು. ಒಮ್ಮೆ ಓಡಿ ಎಡವಿದ್ದ ನೋವು ಇನ್ನೂ ಹಸಿ ಇತ್ತು. ಈ ಸಲ ಯಾರ ಹತ್ತಿರವೂ ಓಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇದನ್ನಂತೂ ಅವಳು ಪ್ರತ್ಯಕ್ಷ ಕಂಡಿರಲೂ ಇಲ್ಲ. ಗುರುವಾರವೆಲ್ಲ ಚಿಂದಿ ತುಂಡುಗಳ ಮೇಲೆ ಹೊಸ ಚಾಕ್‌ಪೀಸಿನಿಂದ ಗೆರೆ ಎಳೆದಳು, ಇಸ್ತ್ರಿ ಉಜ್ಜಿದಳು, ನೋಡಿದಳು. ಮೊದಲ ತುಂಡು ಉಜ್ಜಿದಾಗ ಏನೂ ಕಾಣಲಿಲ್ಲ. ಗೆರೆ ಮಾಯ, ಬಟ್ಟೆ ಶುದ್ಧ. ಬೇಸರದಿಂದ ಬದಿಗೆ ಎಸೆದಳು. ಚಹಾ ಕುಡಿದು ಬಂದು ಅದನ್ನೇ ಎತ್ತಿಕೊಂಡರೆ, ಗೆರೆ ಇದ್ದ ಕಡೆ ಮಬ್ಬು ಕಲೆ ಕೂತಿತ್ತು. ಆವಿಯ ಪಸೆ ಆರಿ, ಬಟ್ಟೆ ತಣ್ಣಗಾಗುವ ತನಕ ಅದು ಮುಖ ತೋರಿಸುವುದಿಲ್ಲ. ಅಷ್ಟರೊಳಗೆ ಕೋಟು ಮಡಿಕೆಯಾಗಿ ಪೆಟ್ಟಿಗೆ ಸೇರಿರುತ್ತದೆ. ಅವಳು ಆ ತುಂಡನ್ನು ಹಿಡಿದುಕೊಂಡು ಒಬ್ಬಳೇ ನಕ್ಕಳು.

ಶುಕ್ರವಾರ ಹನ್ನೊಂದು ಗಂಟೆಗೆ ಮೇಸ್ತ್ರಿ ಬಂದು, "ಯಜಮಾನರು ಕರೀತಿದಾರೆ, ಕಾಗದ ತಗೊಂಡು ಬನ್ನಿ" ಎಂದ.

"ಬರ್ತೀನಿ. ಕಟಿಂಗ್ ಮಾಸ್ಟರನ್ನೂ ಬರೋಕೆ ಹೇಳಿ. ಜೇಬಿನವನನ್ನೂ. ನಡುಮೇಜಿನವಳು ಅವಳ ಇಸ್ತ್ರಿಪೆಟ್ಟಿಗೆ ತರ್ತಾಳೆ."

"ಇದೇನು ಮದುವೆ ದಿಬ್ಬಣವಾ?"

"ತಾಳಿ, ಊಟಾನೂ ಇದೆ."

ಯಜಮಾನರ ಕೋಣೆ ಗಾಜಿನ ಗೋಡೆಯದು. ದೊಡ್ಡ ಮೇಜು, ಹಿಂದೆ ಕುರ್ಚಿ, ಮೂಲೆಯಲ್ಲಿ ಫೈಲು ಹೊತ್ತ ಒಂದು ಮರದ ಸ್ಟೂಲು. ಕೆಲಸದವರು ಆ ಕೋಣೆಯಲ್ಲಿ ನಿಂತೇ ಮಾತಾಡಬೇಕು. ಯಾರೂ ಹಾಗೆಂದು ಬರೆದು ಹಾಕಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಕಟಿಂಗ್ ಮಾಸ್ಟರು ಬಂದರು. ಕೊರಳಲ್ಲಿ ಅಳತೆ ಪಟ್ಟಿ, ಮುಖದಲ್ಲಿ ಸಿಡುಕು. ಚಾಕ್‌ಪೀಸಿನ ಮಾತೆತ್ತಿದ ಕೂಡಲೇ, "ಮೂವತ್ತು ವರ್ಷದಿಂದ ಗೆರೆ ಎಳೀತಿದೀನಿ. ನಿನ್ನ ಹತ್ರ ಕಲೀಬೇಕಾ?" ಎಂದರು.

"ನಿಮ್ಮ ಮೂವತ್ತು ವರ್ಷಕ್ಕೆ ಕೈಮುಗೀತೀನಿ ಮಾಸ್ಟ್ರೇ. ಈ ಚಾಕ್‌ಪೀಸಿಗೆ ಮಾತ್ರ ಒಂದು ತಿಂಗಳೂ ಆಗಿಲ್ಲ. ಎರಡು ತುಂಡು ಬಟ್ಟೆ ಇದೆ. ನೀವೇ ಎಳೀರಿ. ಒಂದ್ರಲ್ಲಿ ಹೊಸದು, ಒಂದ್ರಲ್ಲಿ ಹಳೇದು."

ಹಳೆಯ ಚೂರೊಂದು ಮಾಸ್ಟರ ಅಂಗಿ ಜೇಬಿನಲ್ಲೇ ಇತ್ತು. ಎಳೆದರು. ಹಳೆಯ ಗೆರೆಯನ್ನು ಜೇಬಿನವನು ಬ್ರಷ್ಷಿನಲ್ಲಿ ಕೊಡವಿದ, ಹೊಸದನ್ನು ಹಾಗೇ ಬಿಟ್ಟರು, ಕೆಲಸದಲ್ಲಿ ನಡೆಯುವಂತೆಯೇ. ಯಾಕಮ್ಮ ಕೈ ಹಿಂದೆ ಕಟ್ಟಿಕೊಂಡು ನಿಂತಳು. "ನಾನು ಮುಟ್ಟೋದಿಲ್ಲ. ಇವಳು ಉಜ್ಜಲಿ, ಅವಳ ಪೆಟ್ಟಿಗೇಲಿ." ನಡುಮೇಜಿನವಳು ಎರಡನ್ನೂ ಉಜ್ಜಿ ಮೇಜಿನ ಮೇಲಿಟ್ಟಳು. ಎರಡೂ ತುಂಡು ಒಂದೇ ಥರ ಶುದ್ಧ.

ಮೇಸ್ತ್ರಿ ಚಪ್ಪಾಳೆ ತಟ್ಟುವುದೊಂದು ಬಾಕಿ. "ಎಲ್ಲಿದೆ ಕಲೆ? ತೋರಿಸಿ ನೋಡೋಣ."

"ತಣ್ಣಗಾಗ್ಲಿ."

"ಸುಮ್ನೆ ಹೊತ್ತು ಕಳೀತಿದಾಳೆ ಯಜಮಾನ್ರೇ."

"ನಾಲ್ಕು ದಿನ ಕೊಟ್ಟಿದೀರಿ, ಇನ್ನು ಹತ್ತು ನಿಮಿಷ ಕೊಡಿ" ಎಂದಳು ಅವಳು. ದನಿ ಗಟ್ಟಿಯಾಗಿತ್ತು, ಬೆನ್ನ ಹಿಂದೆ ಕೈ ಮಾತ್ರ ಬೆವರುತ್ತಿತ್ತು. ಚಿಂದಿಯ ಮೇಲೆ ಆರು ಸಲ ಆದದ್ದು ಏಳನೇ ಸಲ ಆಗದಿದ್ದರೆ? ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಲಾರಿಯವನು ಮಾಲಿಗಾಗಿ ಹಾರನ್ನು ಒತ್ತಿದ. ಯಜಮಾನರು ಒಂದು ಫೈಲು ತೆಗೆದು ಓದುವ ಹಾಗೆ ಮಾಡಿದರು.

ಮೊದಲು ನೋಡಿದ್ದು ಮಾಸ್ಟರು. ಅವರ ಮೂವತ್ತು ವರ್ಷದ ಕಣ್ಣು ಸುಳ್ಳು ಹೇಳಲಿಲ್ಲ. ಮೇಜಿಗೆ ಬಾಗಿ, ಹೊಸ ಚಾಕ್‌ಪೀಸಿನ ತುಂಡನ್ನು ಎತ್ತಿ ಗಾಜಿಗೆ ಹಿಡಿದರು. ಎರಡು ಮಬ್ಬು ಗೆರೆ, ಮೂಲೆಯಲ್ಲಿ ಒಂದನ್ನೊಂದು ದಾಟಿ ಹೋಗಿದ್ದವು. "ಮೇಣ" ಎಂದರು ಸಣ್ಣ ದನಿಯಲ್ಲಿ. "ಇದು ಮೇಣದ ಚಾಕ್‌ಪೀಸು. ಕರಗಿ ಒಳಗಿಳಿದಿದೆ." ಹಳೆಯದರ ತುಂಡು ಹಾಗೇ ಶುದ್ಧವಾಗಿತ್ತು.

ಯಜಮಾನರು ಫೈಲು ಮುಚ್ಚಿದರು. "ಸರಿ. ಹಾಗಾದ್ರೆ ಮಾಸ್ಟರ ಕೈಯಿಂದ ಆಗಿದೆ. ಮೇಸ್ತ್ರೀ, ಕಾಗದದಲ್ಲಿ ಹೆಸರು ಹೊಡೆದು ಇವರ ಹೆಸರು ಬರಿ. ಯಾಕಮ್ಮ, ನೀನಿನ್ನು ಹೋಗು."

ಎಷ್ಟು ಸಲೀಸು ನೋಡಿ. ಮಾಸ್ಟರ ಮುಖ ಸುಣ್ಣವಾಯಿತು. ಈಗಷ್ಟೇ ತನ್ನನ್ನು ಗದರಿದ ಮನುಷ್ಯ, ಒಂದು ಕಾಗದದ ಮುಂದೆ ಹೀಗೆ ಕುಗ್ಗಿದ್ದನ್ನು ಅವಳು ಕಂಡಳು. ಅವಳು ಗೆದ್ದಿದ್ದಳು. ಬಾಗಿಲು ತೆರೆದಿತ್ತು. ಹೋಗಬಹುದಿತ್ತು.

"ಚಾಕ್‌ಪೀಸು ತರಿಸಿದ್ದು ಯಾರು?" ಎಂದಳು.

ಮೇಸ್ತ್ರಿ ಕೆಮ್ಮಿದ. ಜೇಬಿನವನು ನೆಲ ನೋಡಿದ.

"ಬ್ರಷ್ಷಲ್ಲಿ ಉಜ್ಜೋದು ಬೇಡ, ಬೇಗ ಆಗಲಿ ಅಂದದ್ದು ಯಾರು? ಮಾಸ್ಟ್ರು ಕೊಟ್ಟದ್ದರಲ್ಲಿ ಎಳೆದ್ರು. ಇವನು ಹೇಳಿದ ಹಾಗೆ ಹೊಲಿದ. ನಾನು ಬಂದದ್ದನ್ನ ಉಜ್ಜಿದೆ. ಕೋತಿ ಮೊಸರು ತಿಂದು ಮೇಕೆ ಮೂತಿಗೆ ಒರೆಸ್ತಂತೆ. ಆ ಮೇಕೆಯಾಗೋದಕ್ಕೆ ನಾನು ಒಪ್ಪಲಿಲ್ಲ ಅಂತ ಇನ್ನೊಂದು ಮೇಕೆ ಹುಡುಕ್ತೀರಾ?"

"ಏಯ್, ಮಾತು ನೋಡ್ಕೊಂಡಾಡು" ಎಂದರು ಯಜಮಾನರು. "ಆಸ್ಪತ್ರೆಯವರು ಕಾಗದ ಕೇಳಿದಾರೆ. ಯಾರಾದ್ರೂ ಒಬ್ಬರು ಸಹಿ ಹಾಕ್ಲೇಬೇಕು."

"ಅವರು ಬರೆದದ್ದನ್ನ ಒಂದ್ಸಲ ಓದಿ."

"ಯಾಕೆ?"

ಆ ಮಾತು ಯಜಮಾನರ ಬಾಯಿಂದ ಬಂದದ್ದಕ್ಕೆ ನಡುಮೇಜಿನವಳು ಸೆರಗು ಬಾಯಿಗೊತ್ತಿಕೊಂಡಳು. ಯಾಕಮ್ಮ ನಗಲಿಲ್ಲ. "ಅವರು ಏನು ಕೇಳಿದಾರೆ ಅಂತ ಗೊತ್ತಾಗದೆ ಉತ್ತರ ಕೊಡೋದು ಹೇಗೆ? ಅದಕ್ಕೆ."

ಯಜಮಾನರು ಓದಲಿಲ್ಲ, ಮೇಜಿನ ಮೇಲಿದ್ದ ಆ ಪತ್ರವನ್ನು ಅವಳತ್ತ ತಳ್ಳಿದರು. ಅವಳೇ ಗಟ್ಟಿಯಾಗಿ ಓದಿದಳು. 'ಈ ಕಲೆಗಳಿಗೆ ಕಾರಣವೇನು, ಮುಂದೆ ಹೀಗಾಗದಂತೆ ಏನು ಮಾಡುವಿರಿ, ದಯವಿಟ್ಟು ಬರೆದು ತಿಳಿಸಿ.' ಅಷ್ಟೇ ಇತ್ತು.

"ಕಾರಣ ಕೇಳಿದಾರೆ ಯಜಮಾನ್ರೇ. ಹೆಸರು ಎಲ್ಲಿ ಕೇಳಿದಾರೆ? ನಾಲ್ಕು ದಿನದಿಂದ ಒಂದು ತಲೆ ಹುಡುಕ್ತಿದೀರಿ, ಅವರಿಗೆ ಬೇಕಾಗಿರೋದು ಒಂದು ಉತ್ತರ. ನಾನೋ ಮಾಸ್ಟ್ರೋ ಸಹಿ ಹಾಕಿದ್ರೆ ಆ ಚಾಕ್‌ಪೀಸು ಮೇಣ ಬಿಡೋದು ನಿಲ್ಲಿಸುತ್ತಾ? ಹೊರಗೆ ಲಾರಿ ನಿಂತಿದೆ. ಅದರೊಳಗೆ ಹೋಗೋ ಕೋಟಿಗೂ ಇದೇ ಗೆರೆ."

ರವಿಕೆಯಿಂದ ಮೇಸ್ತ್ರಿಯ ಕಾಗದ ತೆಗೆದು, ಮಡಿಕೆ ಬಿಚ್ಚಿ, ಸಹಿಯಿಲ್ಲದೆ ಹಾಗೇ ಮೇಜಿನ ಮೇಲಿಟ್ಟಳು. ಹರಿಯಲಿಲ್ಲ. ಮೇಜಿನ ಮೇಲಿದ್ದ ಯಜಮಾನರ ಪೆನ್ನು ಎತ್ತಿಕೊಂಡು, ಖಾಲಿ ಹಾಳೆಯೊಂದನ್ನು ಎಳೆದು, ನಿಂತೇ ಬರೆದಳು. ಏಳನೇ ಕ್ಲಾಸಿನ ಅಕ್ಷರ, ದುಂಡಗೆ. 'ಕಾರಣ: ಹೊಸ ಮೇಣದ ಚಾಕ್‌ಪೀಸು. ಗೆರೆಯನ್ನು ಕೊಡವದೆ ಇಸ್ತ್ರಿ ಮಾಡಿದರೆ ಮೇಣ ಕರಗಿ ಕಲೆಯಾಗುತ್ತದೆ. ತಣ್ಣಗಾದ ಮೇಲೆ ಕಾಣುತ್ತದೆ. ಮಾಡಿ ನೋಡಿದ್ದೇವೆ. ಆ ಚಾಕ್‌ಪೀಸು ನಿಲ್ಲಿಸಿದ್ದೇವೆ.' ಕೆಳಗೆ, 'ಕಣ್ಣಾರೆ ನೋಡಿದವರು' ಎಂದು ಬರೆದು ಸಹಿ ಹಾಕಿದಳು. ಪೆನ್ನನ್ನು ಮಾಸ್ಟರಿಗೆ ಚಾಚಿದಳು. ಮಾಸ್ಟರು ಅವಳ ಮುಖ ನೋಡಿ, ಕಾಗದ ನೋಡಿ, ಸಹಿ ಹಾಕಿದರು. ಜೇಬಿನವನು ಹಾಕಿದ. ಪೆನ್ನು ತಿರುಗಿ ಅವಳ ಕೈಗೆ ಬಂತು. ಅವಳು ಇನ್ನೊಂದು ಸಾಲು ಸೇರಿಸಿದಳು: 'ಚಾಕ್‌ಪೀಸು ತರಿಸಿದವರು.' ಅದರ ಮುಂದೆ ಜಾಗ ಖಾಲಿ ಬಿಟ್ಟು, ಹಾಳೆಯನ್ನು ಯಜಮಾನರ ಮುಂದಿಟ್ಟಳು.

"ನಾನು ಹಾಕಲ್ಲ ಅಂದ್ರೆ?"

"ನಾಲ್ಕು ದಿನ ನಾನೂ ಅದನ್ನೇ ಅಂದೆ. ನನ್ನ ಹತ್ರ ಯಾಕೆ ಅಂತ ಹೇಳೋಕೆ ಕಾರಣ ಇತ್ತು. ನಿಮ್ಮದು ಹೇಳಿ, ಕೇಳ್ತೀನಿ."

"ನಿನ್ನನ್ನ ಕೆಲಸದಿಂದ ತೆಗೀಬಹುದು ನಾನು. ಗೊತ್ತಾ?"

"ಗೊತ್ತು. ತೆಗೆದ್ರೂ ಅದು ಮೇಣಾನೇ."

ಮೇಸ್ತ್ರಿ ಬಾಗಿಲ ಕಡೆ ಕೈ ತೋರಿಸಿದ. ಯಾಕಮ್ಮ ಬಾಗಿಲ ಕಡೆ ಹೋಗಲಿಲ್ಲ. ಮೂಲೆಗೆ ಹೋಗಿ, ಸ್ಟೂಲಿನ ಮೇಲಿದ್ದ ಫೈಲುಗಳನ್ನು ನೆಲಕ್ಕಿಳಿಸಿ, ಅದನ್ನು ಯಜಮಾನರ ಮೇಜಿನ ಮುಂದೆ ಎಳೆದು ತಂದಳು. ಎರಡು ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಗಟ್ಟಿ ಇದೆಯೆಂದು ಕಂಡ ಮೇಲೆ ಕೂತಳು. "ಕಾಯ್ತೀನಿ" ಎಂದಳು.

ಮಾಸ್ಟರು ಅವಳ ಪಕ್ಕಕ್ಕೆ ಬಂದು ನಿಂತರು. ಜೇಬಿನವನು ಆ ಪಕ್ಕ. ನಡುಮೇಜಿನವಳು ಸರಕ್ಕನೆ ಹೊರಗೆ ಹೋಗಿ, ಎರಡು ನಿಮಿಷದಲ್ಲಿ ತಿರುಗಿ ಬಂದು, "ಇಸ್ತ್ರಿ ಎಲ್ಲ ಆರಿಸಿ ಬಂದೆ ಅಕ್ಕಾ" ಎಂದಳು. ಲಾರಿಯವನು ಮತ್ತೆ ಹಾರನ್ನು ಒತ್ತಿದ. ಗಾಜಿನಾಚೆ ಮಷೀನುಗಳು ಒಂದೊಂದಾಗಿ ಸದ್ದು ನಿಲ್ಲಿಸಿ, ಮುಖಗಳು ಇತ್ತ ತಿರುಗಿದವು.

ಯಜಮಾನರು ಗಡಿಯಾರ ನೋಡಿದರು, ಲಾರಿಯ ಕಡೆ ನೋಡಿದರು, ಕೊನೆಗೆ ಮೇಜಿನ ಮೇಲೆ ಪೆನ್ನಿಗಾಗಿ ತಡಕಿದರು. ಪೆನ್ನು ಅವಳ ಕೈಯಲ್ಲಿತ್ತು. ಕೂತಲ್ಲಿಂದಲೇ ಚಾಚಿದಳು.

"ಎಲ್ಲಿ ಹಾಕ್ಬೇಕು?" ಎಂದರು ಅವರು, ಅವಳ ಮುಖ ನೋಡದೆ.

"ಮೊದಲು ಓದಿ ಯಜಮಾನ್ರೇ" ಎಂದಳು ಯಾಕಮ್ಮ. "ಆಮೇಲೆ ಹಾಕಿ."